ರುದ್ರಪ್ಪಣ್ಣನ ಅಮಾವಾಸ್ಯೆ ದೋಣಿ

ರುದ್ರಪ್ಪಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಹಡಗಿನ ಎಂಜಿನ್ ರೂಮಿನಲ್ಲಿ ವರ್ಷಗಟ್ಟಲೆ ದುಡಿದು ಅವನ ಎರಡೂ ಕಿವಿ ಮಂದವಾಗಿದ್ದವು. ತನಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂದೇ ಅವನು ನಂಬಿದ್ದ. ಎಪ್ಪತ್ತರ ದಶಕದ ಮೊದಲಿಗೆ ನಾನು ಹೊನ್ನಾಳಿಯ ಸರ್ಕಾರಿ ಹಾಸ್ಟೆಲಿನಲ್ಲಿದ್ದೆ. ಎದುರು ಮನೆಯೇ ಅವನದು. ಎರಡು ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದವನು ವಾಪಸು ಹೊರಡುವ ಹಿಂದಿನ ಸಂಜೆ ಹೆಂಡತಿಯನ್ನು ಹಿತ್ತಿಲಿಗೆ ಕರೆದು ಗುಟ್ಟಾಗಿ, "ಗೌರೀ, ನಿನ್ನ ಬಿಟ್ಟು ಹೋಗಾಕೆ ಮನಸ್ಸೇ ಬರಲ್ಲ ಕಣೇ" ಅಂದರೆ, ಊಟಕ್ಕೆ ತಟ್ಟೆ ಹಿಡಿದು ನಿಂತ ಹಾಸ್ಟೆಲಿನ ಹುಡುಗರೆಲ್ಲ ಕಿಸಕ್ಕನೆ ನಗುತ್ತಿದ್ದರು. ಗೌರಕ್ಕ ಮಾರನೆಯ ದಿನ ನಮ್ಮ ಕಡೆ ತಲೆ ಎತ್ತಿ ನೋಡುತ್ತಿರಲಿಲ್ಲ.

ಅವನಿಗೆ ಬರುತ್ತಿದ್ದದ್ದು ಎಂಜಿನ್ನು ಒಂದೇ. ಚನ್ನಗಿರಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಕಲಿತು, ಅದೇ ಊರಿನ ಹೆಣ್ಣನ್ನು ಮದುವೆಯಾಗಿ, ಮದುವೆಯಾದ ವರ್ಷವೇ ಬೊಂಬಾಯಿಗೆ ಹೋಗಿ ಹಡಗು ಹತ್ತಿದವನು. ಭೂಮಿಯನ್ನು ಎಷ್ಟೋ ಸಲ ಸುತ್ತಿದ್ದ. ಆದರೆ ಸಮುದ್ರ ಹೇಗಿರುತ್ತದೆ ಎಂದು ನಾವು ಕೇಳಿದರೆ, "ಮ್ಯಾಲೆ ಇರೋರನ್ನ ಕೇಳಬೇಕು ಅದನ್ನ. ನಾನು ಕೆಳಗೆ ಇರ್ತೀನಿ" ಅನ್ನುತ್ತಿದ್ದ. ತುಂಗಭದ್ರೆಯ ದಂಡೆಯಲ್ಲೇ ಹುಟ್ಟಿದ್ದರೂ ಅವನ ಮನೆಯವರು ಹೊಲದವರು. ನೀರಿನ ವ್ಯವಹಾರ ಅವರಿಗೆ ಸೇರಿದ್ದಲ್ಲ. ಅದನ್ನು ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ನನ್ನ ಅರ್ಧ ರಕ್ತ ಕುದಿಯುವುದು ತಪ್ಪುತ್ತಿತ್ತು.

ಒಂದು ರಜೆಯಲ್ಲಿ ನ್ಯಾಮತಿಯ ಗುಜರಿಯವನ ಹತ್ತಿರ ಹಳೆಯ ಪೆಟ್ರೋಲ್ ಪಂಪಿನ ಎಂಜಿನ್ನು ತಂದ. ಕಮ್ಮಾರನಿಂದ ಅದಕ್ಕೊಂದು ಫ್ಯಾನು ಬಡಿಸಿ, ಹೊಳೆ ದಾಟಿಸುವ ಹರಿಗೋಲಿನ ಒಂದು ಬದಿಗೆ ಕಟ್ಟಿದ. ಬುಟ್ಟಿಯಂತಿರುವ ಹರಿಗೋಲಿಗೆ ಮುಂದು ಯಾವುದು, ಹಿಂದು ಯಾವುದು? ಎಂಜಿನ್ನು ಹೊತ್ತಿದ್ದೇ ತಡ, ಅದು ನಡುಹೊಳೆಯಲ್ಲಿ ಬುಗುರಿಯಂತೆ ಗಿರಗಿರ ತಿರುಗತೊಡಗಿತು. ದಂಡೆಯ ಮೇಲಿಂದ ಊರಿಗೆ ಊರೇ "ಎಂಜಿನ್ನು ನಿಲ್ಲಿಸೋ ಮಾರಾಯ" ಎಂದು ಬಾಯಿ ಬಡಿದುಕೊಂಡರೂ ಅವನು ನಿಲ್ಲಿಸಲಿಲ್ಲ. ತಿರುಗುತ್ತಲೇ ಹೊಳೆಯ ಸೆಳವಿನಲ್ಲಿ ಕೆಳಗಿನ ಹಳ್ಳಿಯವರೆಗೂ ಹೋಗಿ, ಪೆಟ್ರೋಲು ಮುಗಿದು, ಆಪಿನ ಹುಲ್ಲಿಗೆ ಸಿಕ್ಕಿ ನಿಂತ. ನಾವು ಓಡಿಹೋಗಿ ಎಳೆದುಕೊಂಡಾಗ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ ಮಲಗಿದ್ದ.

"ಯಾಕ್ರಿ ಅಣ್ಣಾ, ನಿಲ್ಲಿಸಬಾರದಿತ್ತಾ?" ಅಂದೆ.

"ಎಂಜಿನ್ನು ಅಷ್ಟು ಚೆಂದಾಗಿ ಓಡ್ತೈತೆ, ಯಾಕೆ ನಿಲ್ಲಿಸಲೋ? ಹರಿಗೋಲು ಸರಿ ಇಲ್ಲ."

ನಾನು ಜಗಳೂರು ತಾಲ್ಲೂಕಿನ ಸೊಕ್ಕೆಯವನು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರಲ್ಲಿ ನಾನೇ ಮೊದಲಿಗ. ಒಂದು ಕೊಡ ನೀರಿಗೆ ಸಾಲು ನಿಲ್ಲುವ ಊರಿನ ಹುಡುಗ ಮಂಗಳೂರಿಗೆ ಹೋಗಿ ಮೀನುಗಾರಿಕೆಯಲ್ಲಿ ಪದವಿ ಓದಿದ್ದು ಕಂಡು ನಕ್ಕವರು ಬಹಳ. ನಗುವವರು ನಕ್ಕರು, ಪದವಿ ನನ್ನದಾಯಿತು. ಅದನ್ನು ಬೇರೆಯವರ ಬಾಯಲ್ಲಿ ಹಗುರವಾಗಿ ಕೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ರುದ್ರಪ್ಪಣ್ಣನಿಗೆ ಇದು ಗೊತ್ತಾದ ದಿನದಿಂದ ನನ್ನ ಹೆಸರು ಮರೆತೇಬಿಟ್ಟ. "ಲೇ ಡಿಗ್ರೀ" ಅನ್ನತೊಡಗಿದ.

ಎಂಬತ್ತರ ದಶಕದ ನಡುವಿನಲ್ಲಿ, ನಾನು ಕೆಲಸಕ್ಕೆ ಸೇರಿದ್ದ ಮೀನುಗಾರಿಕೆ ಇಲಾಖೆಯವರು ನನ್ನನ್ನು ಮೀನು ಕೆಡದಂತೆ ಇಡುವ ತರಬೇತಿಗೆಂದು ಸ್ಕಾಟ್ಲೆಂಡಿಗೆ ಕಳಿಸಿದರು. ಅಷ್ಟು ಹೊತ್ತಿಗೆ ರುದ್ರಪ್ಪಣ್ಣ ಹಡಗು ಬಿಟ್ಟು, ಅಲ್ಲಿಯೇ ಪಶ್ಚಿಮ ಕರಾವಳಿಯ ಸಣ್ಣ ಬಂದರೊಂದರಲ್ಲಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದ. ಗೌರಕ್ಕ ಮಾತ್ರ ಹೊನ್ನಾಳಿ ಬಿಟ್ಟು ಹೋಗಿರಲಿಲ್ಲ. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅತ್ತೆ ತೀರಿಕೊಂಡ ಮೇಲೆ, ನಾನು ಹೋಗುವ ಕೆಲವೇ ವಾರ ಮುಂಚೆ, ಅವಳೂ ಅಲ್ಲಿಗೆ ಬಂದಿದ್ದಳು. ಒಂದು ಭಾನುವಾರ ಬಸ್ಸು ಹಿಡಿದು ಅವರನ್ನು ಹುಡುಕಿಕೊಂಡು ಹೋದೆ. ವಿಳಾಸ ಕೇಳಿದ್ದಕ್ಕೆ ಬಂದರಿನವನೊಬ್ಬ ಬೆರಳು ತೋರಿಸಿದ್ದು ನೀರಿನ ಕಡೆಗೆ.

ಅಲ್ಲಿ ನಿಂತಿತ್ತು ಒಂದು ಮುದಿ ಟ್ರಾಲರ್. ಮೀನುಗಾರರು ಬಳಸಿ ಬಳಸಿ ಬಿಟ್ಟ ಮರದ ದೋಣಿ. ಮೂತಿಯ ಮೇಲೆ ಕೆಂಪು ಬಣ್ಣದಲ್ಲಿ, ಕನ್ನಡದಲ್ಲಿ, 'ಗೌರಮ್ಮ' ಎಂದು ಬರೆದಿತ್ತು. ಒಳಗಿನಿಂದ ಹೊಗೆ ಬರುತ್ತಿತ್ತು. ಬೆಂಕಿ ಬಿದ್ದಿದೆಯೆಂದು ಪಕ್ಕದ ದೋಣಿಯ ಇಬ್ಬರು ಬಕೆಟ್ಟು ಹಿಡಿದು ಓಡಿಬಂದಿದ್ದರು. ಬೆಂಕಿಯಲ್ಲ, ಗೌರಕ್ಕ ಲೋಬಾನ ಹಾಕಿದ್ದಳು. ಸ್ವೆಟರಿನ ಮೇಲೆ ಸೆರಗು, ಅದರ ಮೇಲೆ ಗಂಡನ ಕೋಟು, ಹಣೆಯಲ್ಲಿ ವಿಭೂತಿ. ನನ್ನನ್ನು ಕಂಡದ್ದೇ ಅಳುವುದೋ ಬೈಯುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಶುರುಮಾಡಿದಳು.

"ನೋಡು ತಮ್ಮಾ, ನೋಡು ನಿಮ್ಮಣ್ಣ ಮಾಡಿದ್ದು. ಮನೆ ಮಾಡೀನಿ, ಬಾ ಅಂದ್ರು. ಎರಡು ಕೋಣೆ, ಅಡುಗೆಮನೆ, ಬಾಗಿಲಾಗೇ ನೀರು ಅಂದ್ರು. ಬಾಗಿಲಾಗೇ ನೀರು ಅಂದ್ರೆ ನಲ್ಲಿ ಅಂದ್ಕಂಡೆ ನಾನು! ಲಿಂಗ ಕಟ್ಟಿರೋ ಹೆಂಗಸನ್ನ ಮೀನಿನ ದೋಣಿಯಾಗೆ ಇಡ್ತಾರಾ ಯಾರಾದ್ರೂ? ಸೋಡಾ ಹಾಕಿ ಉಜ್ಜಿದೆ, ಸೀಗೇಪುಡಿ ಹಾಕಿ ಉಜ್ಜಿದೆ. ಹಲಗೆ ಹಲಗೆಯಾಗೂ ಮೀನು ಕುಂತೈತೆ. ಸಾಲದ್ದಕ್ಕೆ ನನ್ನ ಹೆಸರು ಬೇರೆ ಬರೆಸವ್ರೆ!"

ರುದ್ರಪ್ಪಣ್ಣ ಕೆಳಗಿನ ಎಂಜಿನ್ ಕೋಣೆಯ ಕಿಂಡಿಯಿಂದ ಅರ್ಧ ಮೈ ಹೊರಹಾಕಿ, "ಡಿಗ್ರೀ! ಬಂದ್ಯಾ? ಬಾ ಕೆಳಗೆ, ಎಂಜಿನ್ನು ನೋಡು ಬಾ" ಎಂದು ಕೂಗಿದ. ಎಂಜಿನ್ನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೂ ಮೂರು ಬೆರಳಿನ ವಿಭೂತಿ. ಉಳಿದಂತೆ ದೋಣಿಯ ಹಲಗೆಗಳ ಸಂದಿಯಿಂದ ನೀರು ಜಿನುಗುತ್ತಿತ್ತು, ಚುಕ್ಕಾಣಿ ಅರ್ಧ ಸುತ್ತು ತಿರುಗಿದ ಮೇಲೆ ಯೋಚನೆ ಮಾಡಿ ಕೆಲಸ ಮಾಡುತ್ತಿತ್ತು, ಮಲಗುವ ಹಲಗೆಯ ಮೇಲೆ ಪಾತಾಳದ ಥಂಡಿ. ಇವನ್ನು ಒಂದೊಂದಾಗಿ ಹೇಳಿದೆ. "ಅವೆಲ್ಲ ಮ್ಯಾಲಿನ ಕೆಲಸ, ಆಮೇಲೆ ನೋಡಾಣ" ಅಂದ.

ಅವನ ಯೋಜನೆ ಇಷ್ಟು: ಇನ್ನು ಕೆಲಸ ಸಾಕು. ಬೇಸಿಗೆಯ ತಿಂಗಳುಗಳಲ್ಲಿ ಗಂಡಹೆಂಡತಿ ಇಬ್ಬರೇ ದೋಣಿಯಲ್ಲಿ ದಡದ ಉದ್ದಕ್ಕೂ ಒಂದೊಂದೇ ಊರು ನೋಡುತ್ತ ಉತ್ತರಕ್ಕೆ ಹೋಗುವುದು, ಚಳಿಗಾಲ ಬಂದರೆ ಎಲ್ಲಾದರೂ ಕಟ್ಟಿ ನಿಲ್ಲುವುದು. "ಇಷ್ಟು ದಿನ ನಾನೊಂದು ಕಡೆ, ಇವಳೊಂದು ಕಡೆ. ಇನ್ನು ನಾನು ಹೋದ ಕಡೆ ಮನೇನೂ ಬರ್ತೈತೆ, ಇವಳೂ ಬರ್ತಾಳೆ. ಹೆಂಗೆ?"

ಗೌರಕ್ಕ ಚಹದ ಲೋಟ ಕುಕ್ಕಿದಳು. "ಒಂದು ಸಲ ಬರ್ತೀನಿ. ಒಂದೇ ಸಲ. ತಮ್ಮ ಇಲ್ಲೇ ಅವ್ನೆ, ಕೇಳಿಸ್ಕಳ್ಳಲಿ. ಸರಿಹೋಗಲಿಲ್ಲ ಅಂದ್ರೆ ನಾನು ಚನ್ನಗಿರಿಗೆ ನಮ್ಮಣ್ಣನ ಮನೆಗೆ ಹೋಗ್ತೀನಿ. ಆಮ್ಯಾಲೆ ನನ್ನ ಕರೀಬಾರದು. ನೀವುಂಟು, ನಿಮ್ಮ ಎಂಜಿನ್ನುಂಟು."

ಅವನು ನಗಲಿಲ್ಲ. ಅವಳು ಆಟಕ್ಕೆ ಹೇಳುತ್ತಿಲ್ಲವೆಂದು ಅವನ ಮಂದ ಕಿವಿಗೂ ಕೇಳಿಸಿತ್ತು.

ಇಷ್ಟು ದೊಡ್ಡ ಪರೀಕ್ಷೆಗೆ ಯಾವ ದಿನ ಆರಿಸಿದ ಅನ್ನುತ್ತೀರಿ? ಅಮಾವಾಸ್ಯೆ. ನಮ್ಮ ಕಡೆ ಲಾರಿಗೆ, ಅಂಗಡಿಗೆ, ಗಿರಣಿಗೆ ಅಮಾವಾಸ್ಯೆಯಲ್ಲವೇ ಪೂಜೆ. ನಾನು ಕಲಿತ ವಿದ್ಯೆಯನ್ನೆಲ್ಲ ಒಟ್ಟುಮಾಡಿ ಹೇಳಿದೆ: "ಅಣ್ಣಾ, ಅಮಾವಾಸ್ಯೆ ಹುಣ್ಣಿಮೆಗೆ ಸಮುದ್ರದ ಉಬ್ಬರ ಇಳಿತ ಎರಡೂ ಜಾಸ್ತಿ. ಒಂದು ವಾರ ತಡೀರಿ."

"ಲೇ ಡಿಗ್ರೀ, ಅಮಾಸೆ ಬಿಟ್ಟು ಯಾವತ್ತಪ್ಪ ಗಾಡಿ ಪೂಜೆ ಮಾಡ್ತಾರೆ? ಸೊಕ್ಕೆಯಾಗೆ ನಿಮ್ಮಪ್ಪ ಯಾವತ್ತು ಮಾಡ್ತಿದ್ದ?"

"ನಮ್ಮಪ್ಪನಿಗೆ ಗಾಡಿ ಇರಲಿಲ್ಲ."

"ಅದಕ್ಕೇ ನಿನಗೆ ಗೊತ್ತಿಲ್ಲ."

ಆ ಅಮಾವಾಸ್ಯೆಗೆ ನಾನೂ ಮತ್ತೆ ಬಸ್ಸು ಹಿಡಿದು ಬಂದೆ. ಬೂದುಗುಂಬಳ ಅಲ್ಲಿ ಸಿಗುವುದಿಲ್ಲ. ತಲೆಯಷ್ಟು ದಪ್ಪದ ಟರ್ನಿಪ್ ಗಡ್ಡೆ ತಂದು, ತೂತು ಮಾಡಿ ಕುಂಕುಮ ತುಂಬಿ, ದೋಣಿಗೆ ನಿವಾಳಿಸಿ, ದೋಣಿ ಕಟ್ಟುವ ಕಟ್ಟೆಯ, ಅಂದರೆ ಧಕ್ಕೆಯ, ಕಲ್ಲಿಗೆ ಅಪ್ಪಳಿಸಿದ. ಅದು ಒಡೆಯಲಿಲ್ಲ. ಪುಟಿದು, ಉರುಳಿ, ಬಂದರಿನ ಅಧಿಕಾರಿಯ ಬೂಟಿಗೆ ಬಡಿದು ನೀರಿಗೆ ಬಿತ್ತು. ಆ ಅಧಿಕಾರಿ ಬೂಟಿನ ಕುಂಕುಮ ನೋಡಿಕೊಂಡು ನನ್ನ ಕಡೆ ತಿರುಗಿ ವಿವರಣೆ ಕೇಳಿದ. ಇಂಗ್ಲಿಷಿನಲ್ಲಿ ದೃಷ್ಟಿ ತೆಗೆಯುವುದನ್ನು ವಿವರಿಸಿದ ನನ್ನ ಪಾಡು ಯಾರಿಗೂ ಬೇಡ.

ಹೊರಟೆವು. ಬೇಸಿಗೆಯೆಂದು ಹೆಸರಿಗಷ್ಟೇ. ಗಾಳಿ ಮೂಳೆಯ ಒಳಗೆ ಹೊಕ್ಕು ಕೂರುತ್ತಿತ್ತು. ಬಲಕ್ಕೆ ಕಪ್ಪು ಬಂಡೆಗಳ ದಡ, ಎಡಕ್ಕೆ ಸೀಸದ ಬಣ್ಣದ ನೀರು. ಚುಕ್ಕಾಣಿ ಹಿಡಿಯಬೇಕಾದ ಯಜಮಾನ ಎಲ್ಲಿ? ಕೆಳಗೆ! ಎಂಜಿನ್ನು ಮಗ್ಗುಲಿಗೆ ಇಲ್ಲದಿದ್ದರೆ ಅವನಿಗೆ ಜೀವ ನಿಲ್ಲುತ್ತಿರಲಿಲ್ಲ. ವೇಗ ಹೆಚ್ಚು ಕಡಿಮೆ ಮಾಡಲು ಮೇಲೆಯೇ ಒಂದು ಹಿಡಿಕೆ ಇತ್ತು. ಅದನ್ನು ಕಳಚಿಹಾಕಿ, ದೊಡ್ಡ ಹಡಗಿನಲ್ಲಿ ಮಾಡುವ ಹಾಗೆ ಗಂಟೆ ಕಟ್ಟಿದ್ದ. ಒಂದು ಹೊಡೆದರೆ ಮುಂದಕ್ಕೆ, ಎರಡು ಹೊಡೆದರೆ ನಿಲ್ಲಿಸು, ಮೂರು ಹೊಡೆದರೆ ಹಿಂದಕ್ಕೆ.

"ಅಣ್ಣಾ, ಮೇಲೆ ಬರ್ರಿ! ಮುಂದೆ ನೋಡೋರು ಯಾರು?"

"ನೀನು ಡಿಗ್ರಿ ಮಾಡಿದ್ದು ಯಾಕೆ ಮತ್ತೆ?"

ನಾನು ಮೀನಿನ ಬಗ್ಗೆ ಓದಿದವನು, ದೋಣಿ ನಡೆಸಲು ಅಲ್ಲ ಎಂದು ಆ ಮನುಷ್ಯನಿಗೆ ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಈ ನಡುವೆ ಗೌರಕ್ಕ ಲಿಂಗಪೂಜೆಗೆ ಕೂತು ಗಂಟೆ ಬಾರಿಸಿದಳು. ಕೆಳಗಿನವನಿಗೆ ಅದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ದೋಣಿ ನಿಂತಿತು, ಹಿಂದಕ್ಕೆ ಹೊರಟಿತು, ಮತ್ತೆ ನಿಂತಿತು, ಮುಂದಕ್ಕೆ ನುಗ್ಗಿತು. ಮಂಗಳಾರತಿ ಮುಗಿಯುವವರೆಗೂ ನಾವು ಒಂದೇ ಬಂಡೆಯನ್ನು ನೋಡುತ್ತಿದ್ದೆವು.

ಅಂತೂ ಮಧ್ಯಾಹ್ನದ ಹೊತ್ತಿಗೆ ಮುಂದಿನ ಹಳ್ಳಿಯ ಕಲ್ಲಿನ ಧಕ್ಕೆ ಮುಟ್ಟಿದೆವು. ಉಬ್ಬರ ತುಂಬಿತ್ತು, ದೋಣಿಯಿಂದ ಧಕ್ಕೆಗೆ ಒಂದೇ ಹೆಜ್ಜೆ. ರುದ್ರಪ್ಪಣ್ಣ ಈಗ ಮೇಲೆ ಬಂದು, ತಾನೇ ಮುಂದೆ ನಿಂತು, ನಾಲ್ಕು ಕಡೆ ಹಗ್ಗ ಬಿಗಿದ. ದೋಣಿ ಒಂದಿಷ್ಟೂ ಅಲುಗದಂತೆ, ಮೋಟುಹಗ್ಗದಲ್ಲಿ ಕಟ್ಟಿದ. ಬೆಳಿಗ್ಗೆ ನಾವು ಬಿಟ್ಟುಬಂದ ಬಂದರಿಗೆ ದೊಡ್ಡ ಗೇಟು ಇತ್ತು. ನೀರು ಹೊರಗೆ ಹೋಗದಂತೆ ಅದನ್ನು ಮುಚ್ಚುತ್ತಿದ್ದರು. ಒಳಗಿನ ನೀರು ಕೆರೆಯಂತೆ ಇದ್ದಲ್ಲೇ ಇರುತ್ತಿತ್ತು. ಇಲ್ಲಿ ಗೇಟೂ ಇಲ್ಲ, ಏನೂ ಇಲ್ಲ.

"ಅಣ್ಣಾ, ಹಗ್ಗ ಉದ್ದ ಬಿಡ್ರಿ. ನೀರು ಇಳೀತೈತೆ."

"ಎಷ್ಟು ಇಳೀತೈತೆ? ತುಂಗಭದ್ರೆ ಇಳಿಯಾಕೆ ನಾಕು ತಿಂಗಳು ಬೇಕು. ನಾವು ಅಂಗಡಿಗೆ ಹೋಗಿ ಬರೋದ್ರಾಗೆ ಎಷ್ಟಪ್ಪ ಇಳೀತೈತೆ?"

ನಾನು ಒಂದು ಹಗ್ಗ ಸಡಿಲಿಸಿದೆ. ಅವನು ಬಂದು ಮತ್ತೆ ಬಿಗಿದ. ಮತ್ತೆ ಸಡಿಲಿಸಿದೆ. "ಕೈ ತೆಗಿಯೋ! ಗೌರಿ ಒಳಗೆ ಎಸರಿಟ್ಟವ್ಳೆ. ದೋಣಿ ಅಲುಗಾಡಿದ್ರೆ ಇವತ್ತಿಗೇ ಚನ್ನಗಿರಿಗೆ ಹೊಂಡ್ತಾಳೆ" ಎಂದು, ತನ್ನ ಗುಟ್ಟಿನ ದನಿಯಲ್ಲಿ, ಇಡೀ ಹಳ್ಳಿಗೆ ಕೇಳುವಂತೆ ಹೇಳಿದ. ಅವಳ ಎಸರು ತುಳುಕಬಾರದೆಂದು ಅಷ್ಟು ಬಿಗಿಯಾಗಿ ಕಟ್ಟಿದ್ದ. ಇಂಥವನ ಜೊತೆ ಏನು ವಾದ ಮಾಡುತ್ತೀರಿ?

ಅಮಾವಾಸ್ಯೆಯ ಹೋಳಿಗೆಗೆ ಸಕ್ಕರೆ ಸಾಲದೆಂದು ಗೌರಕ್ಕ ನಮ್ಮಿಬ್ಬರನ್ನೂ ಅಂಗಡಿಗೆ ಅಟ್ಟಿದಳು. ಹೋಗಿ ಬರಲು ಅರ್ಧ ಗಂಟೆಯ ದಾರಿ. ಆದರೆ ದಾರಿಯಲ್ಲಿ ಯಾರದೋ ಟ್ರ್ಯಾಕ್ಟರು ಕೆಟ್ಟು ನಿಂತಿತ್ತು. ಕೆಟ್ಟ ಎಂಜಿನ್ನು ಕಂಡ ರುದ್ರಪ್ಪಣ್ಣನನ್ನು ಎಳೆದೊಯ್ಯಲು ಎತ್ತಿನ ಜೋಡಿ ಬೇಕು. ಅದರ ಅಡಿಗೆ ನುಗ್ಗಿದ. ಸಕ್ಕರೆ ಹಿಡಿದು ನಾನು ರಸ್ತೆಯಲ್ಲಿ ಕುಣಿಯುತ್ತಿದ್ದೆ.

"ಏಳ್ರಿ ಅಣ್ಣಾ, ಇಳಿತ ಶುರುವಾಗಿ ಎಷ್ಟೋ ಹೊತ್ತಾತು!"

"ಇದೊಂದು ನಟ್ಟು."

"ಆ ಹೆಂಗಸು ಒಬ್ಬಳೇ ಅವ್ಳೆ!"

"ಇದೊಂದೇ ನಟ್ಟೋ."

ನಾನೊಬ್ಬನೇ ಹೋಗುತ್ತೇನೆಂದು ಹೊರಟರೆ ಟ್ರ್ಯಾಕ್ಟರಿನವನು ತಡೆದು, ಇವನು ಏನು ಕೇಳುತ್ತಿದ್ದಾನೆ ಹೇಳು ಅನ್ನುತ್ತಿದ್ದ. ಕಡೆಗೆ ಟ್ರ್ಯಾಕ್ಟರು ಹೊತ್ತಿತು. ಅದರ ಮೇಲೆಯೇ ಕೂತು ಧಕ್ಕೆಗೆ ಬಂದೆವು. ಅಲ್ಲಿ ಜನ ಸೇರಿದ್ದರು.

ನೀರು ಎರಡಾಳು ಕೆಳಗೆ ಹೋಗಿತ್ತು. ಪಕ್ಕದ ದೋಣಿಗಳೆಲ್ಲ ಉದ್ದ ಹಗ್ಗದಲ್ಲಿ ಕೆಳಗಿಳಿದು ಕೆಸರಿನ ಮೇಲೆ ಆರಾಮಾಗಿ ಕೂತಿದ್ದವು. ನಮ್ಮ ದೋಣಿ ಮಾತ್ರ ಧಕ್ಕೆಯ ಗೋಡೆಗೆ, ಮೊಳೆಗೆ ನೇತುಹಾಕಿದ ಅಂಗಿಯಂತೆ, ಓರೆಯಾಗಿ ತೂಗುತ್ತಿತ್ತು. ಹಗ್ಗಗಳು ಬಿಗಿದು ಕಿರುಗುಟ್ಟುತ್ತಿದ್ದವು. ಒಂದು ಆಗಲೇ ಹರಿದಿತ್ತು. ಒಳಗಿನಿಂದ ಪಾತ್ರೆ ಉರುಳುವ ಸದ್ದು, ಗೌರಕ್ಕನ ದನಿ. ಹಗ್ಗ ಕಡಿದರೆ ದೋಣಿ ಅಪ್ಪಳಿಸುತ್ತದೆ, ಬಿಚ್ಚೋಣವೆಂದರೆ ಗಂಟು ಕಲ್ಲಾಗಿದೆ. ಮೀನುಗಾರರು ಇನ್ನೆರಡು ದಪ್ಪ ಹಗ್ಗ ಹಾಕಿ ಹಿಡಿದು ನಿಂತಿದ್ದರು.

ರುದ್ರಪ್ಪಣ್ಣ ಟ್ರ್ಯಾಕ್ಟರಿನಿಂದ ಹಾರಿ ಇಳಿದ. ಗೋಡೆಯ ಕಬ್ಬಿಣದ ಏಣಿ ಹಿಡಿದು ಇಳಿಯಹೋದ. ಓರೆಯಾದ ಬಾಗಿಲಿನಿಂದ ಗೌರಕ್ಕನ ತಲೆ ಕಾಣಿಸಿತು.

"ನೀವು ಬರಬ್ಯಾಡ್ರಿ! ಅಲ್ಲೇ ನಿಲ್ರಿ. ನಿಮ್ಮ ಭಾರ ಬೇರೆ ಯಾಕೆ ಇದಕ್ಕೆ!"

ಸೀರೆಯನ್ನು ಕಚ್ಚೆ ಹಾಕಿ, ಮೈತುಂಬ ಹೂರಣ ಮೆತ್ತಿಕೊಂಡು, ಓರೆ ಹಲಗೆಯ ಮೇಲೆ ಮಂಡಿಯೂರಿ ಬಂದು, ಏಣಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದಳು. ಮುಖ ಸುಣ್ಣದಂತೆ ಬಿಳಿಚಿತ್ತು. ಊರಿನ ಮುದುಕಿಯೊಬ್ಬಳು ಕಂಬಳಿ ಹೊದಿಸಿ ಏನೋ ಹೇಳಿದಳು. ಗೌರಕ್ಕ ಕನ್ನಡದಲ್ಲಿ, "ಹೌದು ನೋಡವ್ವ, ಏನು ಮಾಡೋದು, ಕಟ್ಟಿಕೊಂಡಾಗೈತೆ" ಅಂದಳು. ಮುದುಕಿ ತಲೆಯಾಡಿಸಿದಳು. ಇಬ್ಬರಿಗೂ ಅರ್ಥವಾದಂತೆ ತೋರಿತು.

ನೀರು ಮರಳಿ ಏರುವವರೆಗೂ ಕಾಯಬೇಕಿತ್ತು. ಆ ದೇಶದ ಬೇಸಿಗೆಯಲ್ಲಿ ಬೆಳಕು ಬೇಗ ಹೋಗುವುದಿಲ್ಲ. ಗೌರಕ್ಕ ಕಲ್ಲಿನ ಮೇಲೆ ಕೂತಳು, ಅವನು ಅಷ್ಟು ದೂರದಲ್ಲಿ ಮೀನಿನ ಪೆಟ್ಟಿಗೆಯೊಂದರ ಮೇಲೆ ಕೂತ. ನಡುವೆ ನಾನು, ಸಕ್ಕರೆ ಪೊಟ್ಟಣದ ಜೊತೆ.

"ತಮ್ಮಾ," ಅಂದಳು ಗೌರಕ್ಕ, ಅವನ ಕಡೆ ನೋಡದೆ, "ಇಲ್ಲಿಂದ ಚನ್ನಗಿರಿಗೆ ಹೋಗಾಕೆ ಏನೇನು ಮಾಡಬೇಕು, ಸರಿಯಾಗಿ ಹೇಳು."

ನಾನು ಬಸ್ಸು, ರೈಲು, ವಿಮಾನ ಎಂದು ಶುರುಮಾಡಿದೆ. ಒಬ್ಬಳೇ ಹೋಗಬಹುದೇ ಎಂದು ಕೇಳಿದಳು. ಹೋಗಬಹುದು ಅಂದೆ. ಆಗ ರುದ್ರಪ್ಪಣ್ಣ ಎದ್ದು ಬಂದು ಅವಳ ಮುಂದೆ ನಿಂತ. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಹೊರಡುತ್ತದೆಂದು ನನಗೆ ಗೊತ್ತಿರಲಿಲ್ಲ.

"ಹೋಗ್ತೀನಿ ಅಂದ್ರೆ ಟಿಕೀಟು ನಾನೇ ತರ್ತೀನಿ. ಒಂದು ಮಾತು ಹೇಳ್ತೀನಿ, ಕೇಳು. ನಾನು ಜೀವಮಾನ ಎಲ್ಲಾ ಕೆಳಗೇ ಇದ್ದೆ. ಮ್ಯಾಲೆ ಯಾರೋ ಇರ್ತಿದ್ರು, ನೋಡ್ಕಂತಿದ್ರು. ಅವರು ಯಾರು ಅಂತ ನಾನು ನೋಡಿಲ್ಲ. ನಮ್ಮ ಮನೇನೂ ಹಂಗೇ, ಮ್ಯಾಲಿನದೆಲ್ಲ ನೀನೇ ನೋಡ್ಕಂಡೆ. ನಮ್ಮವ್ವನ್ನ ನೀನೇ ನೋಡ್ಕಂಡೆ. ನನಗೆ ಮ್ಯಾಲಿನದು ಬರಲ್ಲ ಕಣೇ. ಇವತ್ತು ಗೊತ್ತಾತು."

ಗೌರಕ್ಕ ನೀರಿನ ಕಡೆ ತಿರುಗಿದಳು. ಅದು ಕೆಸರಿನ ಮೇಲೆ ತೆಳ್ಳಗೆ ಹರಿದು ಬರುತ್ತಿತ್ತು.

"ಎಮ್ಮೆ ಕಟ್ಟಿದೀರಾ ಯಾವತ್ತಾದ್ರೂ?" ಅಂದಳು.

"ಹ್ಞಾ?"

"ಎಮ್ಮೆ, ಎಮ್ಮೆ! ಗೂಟಕ್ಕೆ ಮೂತಿ ಬಿಗಿದು ಕಟ್ತಾರೇನ್ರಿ ಯಾರಾದ್ರೂ? ಮಲಗಾಕೆ, ಏಳಾಕೆ ಹಗ್ಗ ಬಿಡಲ್ವಾ? ಆ ಹುಡುಗ ಹೇಳ್ತಾನೇ ಇದ್ದ, ಒಳಗೆ ಕೂತು ಕೇಳಿಸ್ಕಂಡೆ ನಾನು." ಕಂಬಳಿ ಕೊಡವಿ ಎದ್ದಳು. "ನಾಳೆಯಿಂದ ಹಗ್ಗ ನನ್ನದು. ನಿಲ್ಲಿಸೋದು, ಹೊರಡೋದು ನಾನು ಹೇಳಿದಂಗೆ. ನೀವು ಕೆಳಗೆ ಇರ್ರಿ, ಮ್ಯಾಲಿನ ಸುದ್ದಿಗೆ ಬರಬ್ಯಾಡ್ರಿ. ಆ ಗಂಟೆ ಕಿತ್ತುಹಾಕ್ರಿ ಮೊದಲು, ನನ್ನ ಪೂಜೆ ಕೆಡ್ತೈತೆ."

ಟಿಕೀಟಿನ ಮಾತು ಮತ್ತೆ ಬರಲಿಲ್ಲ. ದೋಣಿ ತೇಲಿದ ಮೇಲೆ ಒಳಗೆ ಹೋಗಿ, ನೆಲದ ಮೇಲೆ ಚೆಲ್ಲಿದ ಹೂರಣ ಬಳಿದು ಹೊರಗೆ ಹಾಕಿ, ಬರೀ ಅನ್ನ ಮಾಡಿ ಬಡಿಸಿದಳು. ರುದ್ರಪ್ಪಣ್ಣ ಮೂರು ಸಲ ಹಾಕಿಸಿಕೊಂಡು ಉಂಡ. ಉಂಡು ಕೈ ತೊಳೆಯುತ್ತ ನನಗೆ, "ಧಕ್ಕೆ ಸರಿ ಇಲ್ಲ ಕಣೋ" ಅಂದ. ಮಾರನೆಯ ದಿನ ಬಸ್ಸು ಹಿಡಿದೆ. ತರಗತಿಗೆ ತಡವಾಗಿ ಹೋಗಿ, ಯಾಕೆಂದು ಕೇಳಿದ ಮೇಷ್ಟರಿಗೆ ಏನು ಹೇಳುವುದೆಂದು ತಿಳಿಯದೆ ಜ್ವರ ಅಂದೆ.

ಅವರಿಬ್ಬರೂ ಉತ್ತರಕ್ಕೆ ಹೋದರು. ಎರಡು ಬೇಸಿಗೆ ಹಾಗೆಯೇ ತಿರುಗಿದರಂತೆ. ಎರಡನೆಯ ಚಳಿಗಾಲದಲ್ಲಿ ರುದ್ರಪ್ಪಣ್ಣ ಎಂಜಿನ್ನಿನ ಪಕ್ಕದಲ್ಲೇ, ಕೈಯಲ್ಲಿ ಎಣ್ಣೆಬಟ್ಟೆ ಹಿಡಿದುಕೊಂಡೇ ಹೋಗಿಬಿಟ್ಟ. ಸುದ್ದಿ ನನಗೆ ತಿಂಗಳ ಮೇಲೆ ಬಂತು. ಗೌರಕ್ಕ ದೋಣಿಯನ್ನು ಅಲ್ಲಿಯ ಮೀನುಗಾರರಿಗೆ ಬಿಟ್ಟು ಚನ್ನಗಿರಿಗೆ ಬಂದಳೆಂದು ಕೇಳಿ, ಒಂದು ರಜೆಯ ದಿನ ಜಗಳೂರಿನಿಂದ ಬಸ್ಸು ಬದಲಿಸಿ ಬದಲಿಸಿ ಹೋದೆ.

ಅವಳ ಅಣ್ಣ ಅಡಿಕೆ ವ್ಯಾಪಾರದವನು, ಸ್ಥಿತಿವಂತ. ಕಾಫಿ ಕೊಟ್ಟು ಕೂರಿಸಿದರು. ಗೌರಕ್ಕ ಶುರುಮಾಡಿದಳು. ಆ ಮನುಷ್ಯ ಒಮ್ಮೆ ಮಂಜಿನಲ್ಲಿ ದಾರಿ ತಪ್ಪಿಸಿದ್ದು, ಕುಡಿಯುವ ನೀರಿನ ಡಬ್ಬದಲ್ಲಿ ಡೀಸೆಲ್ ತುಂಬಿದ್ದು, ಅವಳ ಹೊಸ ಸೀರೆ ಹರಿದು ಎಂಜಿನ್ನು ಒರೆಸಿದ್ದು. ಹೇಳುತ್ತ ಹೇಳುತ್ತ ಅವಳ ಮುಖ ಕೆಂಪೇರಿತು, ದನಿ ಏರಿತು.

ಅಣ್ಣ ನಿಟ್ಟುಸಿರು ಬಿಟ್ಟ. "ನಾನು ಅವತ್ತೇ ಹೇಳಿದ್ದೆ, ಹೋಗಬ್ಯಾಡ ಅಂತ. ಅಂಥ ತಿಕ್ಕಲು ಮನುಷ್ಯನ ಜೊತೆ ನಮ್ಮ ತಂಗಿ ಏನು ಸುಖ ಕಂಡಳು, ನೀವೇ ಹೇಳ್ರಿ."

ಗೌರಕ್ಕ ಥಟ್ಟನೆ ನಿಲ್ಲಿಸಿದಳು. "ನೀನು ಸುಮ್ಕಿರಣ್ಣ. ನೀನ್ಯಾಕೆ ಬೈತೀಯ ಅವರನ್ನ? ನಿನಗೇನು ಗೊತ್ತೈತೆ?"

ಅಣ್ಣ ಪೆಚ್ಚಾದ. ಗೌರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನೀನು ಬೈಯಪ್ಪ ತಮ್ಮಾ. ನೀನು ಅಲ್ಲಿ ಇದ್ದೆ."

ನಾನು ಕಾಫಿ ಲೋಟ ಕೆಳಗಿಟ್ಟು ಶುರುಮಾಡಿದೆ.